ಏಳೂವರೆಯ ಭಾಷಣ

ಚಿಂತಾಮಣಿಯ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತಿದ್ದ ಕಾಲ. ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿತ್ತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿಯೇ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ದಿನಾ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಬರುವವಳು. ಅವಳದು ಮಾತು ಕಡಿಮೆ, ನನ್ನದು ಜಾಸ್ತಿ, ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು.

ಜಾವಾದಲ್ಲಿ ಬರೆದ ಒಂದು ಅಪ್ಲಿಕೇಶನ್ ಸರ್ವರ್ ನಮ್ಮ ಪಾಠದಲ್ಲಿತ್ತು. ಟಿಕೆಟ್ ಕಾಯ್ದಿರಿಸುವಂಥ ವೆಬ್‌ಸೈಟುಗಳ ಹಿಂದೆ ನಿಂತು ಕೆಲಸ ಮಾಡುವ ತಂತ್ರಾಂಶ ಅದು. ಓಪನ್ ಸೋರ್ಸ್ ಆದ್ದರಿಂದ ಯಾರು ಬೇಕಾದರೂ ಅದರ ಒಳಗನ್ನು ಓದಬಹುದು, ತಿದ್ದಿ ಕಳಿಸಬಹುದು ಎಂದು ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅವಳು ನಿಜಕ್ಕೂ ಓದಿದಳು, ತಿದ್ದಿದಳು, ಕಳಿಸಿದಳು. ನನಗೆ ಹೊಟ್ಟೆಕಿಚ್ಚಾಯಿತು. ಹೆಮ್ಮೆಯೂ ಆಯಿತು, ಸ್ವಲ್ಪ ತಡವಾಗಿ.

ಅವಳ ತಿದ್ದುಪಡಿ ಇಷ್ಟು: ಒಂದು ಸರ್ವರ್ ಕೆಟ್ಟು ನಿಂತರೆ, ಅರ್ಧ ಕೆಲಸದಲ್ಲಿದ್ದ ಬಳಕೆದಾರನನ್ನು ಇನ್ನೊಂದು ಸರ್ವರ್ ಅವನಿದ್ದ ಜಾಗದಿಂದಲೇ ಮುಂದಕ್ಕೆ ಕರೆದೊಯ್ಯಬೇಕು, ಅವನಿಗೆ ಗೊತ್ತೂ ಆಗಬಾರದು. ಇಂಗ್ಲೆಂಡಿನ ಹಿರಿಯ ಡೆವಲಪರ್ ಒಬ್ಬರಿಗೆ ಇದು ಹಿಡಿಸಲಿಲ್ಲ. ಮೊದಲಿಂದ ಶುರು ಮಾಡಿಸುವುದೇ ಸುರಕ್ಷಿತ ಎಂದು ಅವರು ತಮ್ಮದೇ ತಿದ್ದುಪಡಿ ಮುಂದಿಟ್ಟರು. ಎರಡರಲ್ಲಿ ಯಾವುದು ಸರ್ವರಿನೊಳಗೆ ಹೋಗಬೇಕೆಂದು ಆ ಡೆವಲಪರುಗಳ ಆನ್‌ಲೈನ್ ಕಿರುಸಮ್ಮೇಳನದಲ್ಲಿ ತೀರ್ಮಾನ. ಅವಳಿಗೆ ಹತ್ತು ನಿಮಿಷ ಕೊಟ್ಟಿದ್ದರು. ಆ ಹತ್ತು ನಿಮಿಷ ತಪ್ಪಿದರೆ ಎಂಟು ತಿಂಗಳ ಕೆಲಸ ಮೂಲೆಗೆ.

"ಇಂಥದ್ದು ಎಲ್ಲಿಂದ ಹೊಳೀತಮ್ಮ ನಿಂಗೆ?" ಎಂದು ಕೇಳಿದ್ದಕ್ಕೆ ಅವಳು ನನ್ನನ್ನು ಮನೆಗೆ ಕರೆದೊಯ್ದಳು. ಅವಳ ತಾಯಿ ರೇಷ್ಮೆ ನೂಲು ತೆಗೆಯುವವರು. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿದ್ದವು, ಚರಕ ತಿರುಗುತ್ತಿತ್ತು. ಒಂದು ಗೂಡು ಮುಗಿಯುತ್ತಿದ್ದಂತೆ ಆಕೆ ಬೆರಳಲ್ಲಿ ಮೊದಲೇ ಹಿಡಿದುಕೊಂಡಿದ್ದ ಹೊಸ ಗೂಡಿನ ಎಳೆಯನ್ನು ಓಡುವ ನೂಲಿಗೆ ತಾಕಿಸಿದರು. ಅದು ಅಂಟಿಕೊಂಡು ಹೋಯಿತು, ಚರಕ ನಿಲ್ಲಲಿಲ್ಲ. "ನಿಲ್ಸಿದ್ರೆ ನೂಲು ಕೆಡ್ತದೆ ಸಾರ್," ಎಂದರು, ತಲೆ ಎತ್ತದೆ.

ಸಮ್ಮೇಳನದ ಸಮಯಗಳೆಲ್ಲ ಲಂಡನ್ ಗಡಿಯಾರದವು. "ಟೈಮ್ ಲೆಕ್ಕ ನಾನು ಹಾಕ್ತೀನಿ, ನೀನು ಓದ್ಕೊ," ಎಂದೆ. ಅವಳ ಸರದಿ ಅಲ್ಲಿಯ ಮಧ್ಯಾಹ್ನ ಎರಡಕ್ಕೆ, ಅದಕ್ಕೆ ಐದೂವರೆ ಗಂಟೆ ಸೇರಿಸಿದೆ. ಪೇಪರಿನಲ್ಲಿ ಬಂದಿದ್ದ ಲೋಡ್ ಶೆಡ್ಡಿಂಗ್ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೆ. ಚಿಂತಾಮಣಿಯಲ್ಲಿ ಏಳರಿಂದ ಎಂಟು ಕರೆಂಟಿಲ್ಲ, ಶಿಡ್ಲಘಟ್ಟದಲ್ಲಿ ಆರರಿಂದ ಏಳು. ಆದ್ದರಿಂದ ಶಿಡ್ಲಘಟ್ಟದ ಬ್ರೌಸಿಂಗ್ ಸೆಂಟರು, ಸಂಜೆ ಏಳೂವರೆಗೆ ಅವಳ ಸರದಿ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಅವಳು ಸಮ್ಮೇಳನದ ಫಾರಂ ತುಂಬಿ, ಕೊನೆಯಲ್ಲಿ ಆ ಸೆಂಟರಿನ ಲ್ಯಾಂಡ್‌ಲೈನ್ ನಂಬರನ್ನೂ ಬರೆದಳು. "ಇಂಟರ್ನೆಟ್ ಸಮ್ಮೇಳನಕ್ಕೆ ಫೋನ್ ನಂಬರ್ ಯಾಕಮ್ಮ?" ಎಂದು ನಕ್ಕೆ. ಅವಳು ನಂಬರನ್ನು ಇನ್ನೊಮ್ಮೆ ಸರಿ ನೋಡಿ ಫಾರಂ ಕಳಿಸಿದಳು.

ಆ ದಿನ ಆರೂಕಾಲಿಗೇ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ಕರೆಂಟಿಲ್ಲದ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಸೊಳ್ಳೆ ಹೊಡೆಯುತ್ತಾ ಕೂರಬೇಕಲ್ಲ ಎಂದು ಗೊಣಗಿದೆ. ಯುಪಿಎಸ್ ಇದ್ದ ಒಂದೇ ಒಂದು ಕಂಪ್ಯೂಟರ್ ಹಾಕಿಸಿ ಅವಳು ಸಮ್ಮೇಳನದ ಪುಟ ತೆರೆದಳು. ಹೆಡ್‌ಫೋನಿನಲ್ಲಿ ಆಗಲೇ ಯಾರೋ ಮಾತಾಡುತ್ತಿದ್ದರು. ಮುಂದಿನ ಸರದಿ ಅವಳದೇ.

ಬೇಸಿಗೆಗೆ ಆ ದೇಶದವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿಕೊಳ್ಳುತ್ತಾರಂತೆ. ಹಿಂದಿನ ವಾರವಷ್ಟೇ ತಿರುಗಿಸಿದ್ದರು. ಅದು ನನಗೆ ಆಗ ಹೊಳೆಯಿತು: ನಾನು ಹೇಳಿದ ಏಳೂವರೆ ನಿಜಕ್ಕೂ ಆರೂವರೆ. ಅವಳ ಎಂಟು ತಿಂಗಳನ್ನು ನಾನು ಕತ್ತಲೆಯಲ್ಲಿ ತಂದು ಕೂರಿಸಿದ್ದೆ.

ಅವಳು ನನ್ನತ್ತ ನೋಡಲೂ ಇಲ್ಲ, ಮಾತು ಶುರು ಮಾಡಿದಳು. ನಿಧಾನದ, ಸರಳವಾದ ಇಂಗ್ಲಿಷ್. ಯುಪಿಎಸ್ ಕುಯ್ ಕುಯ್ ಎನ್ನತೊಡಗಿತು. ಮಾತು ಅರ್ಧಕ್ಕೆ ಬಂದಾಗ, ಒಂದು ವಾಕ್ಯದ ನಡುವೆಯೇ, ಪರದೆ ಆರಿತು. ನಾನು ಕಣ್ಣು ಮುಚ್ಚಿಕೊಂಡೆ.

ಅವಳು ಎದ್ದುಹೋಗಿ ಲ್ಯಾಂಡ್‌ಲೈನ್ ಪಕ್ಕ ನಿಂತಳು. ಕರೆಂಟಿಗೂ ಆ ಫೋನಿಗೂ ಸಂಬಂಧವಿಲ್ಲ. ಅದು ರಿಂಗಾಯಿತು. ಸಮ್ಮೇಳನ ನಡೆಸಿಕೊಡುತ್ತಿದ್ದವರು ಫಾರಂ ನೋಡಿ ಕರೆ ಮಾಡಿ, ರಿಸೀವರನ್ನು ತಮ್ಮ ಮೈಕಿಗೆ ಹಿಡಿದಿದ್ದರು. ಅವಳು ಕ್ಷಮಿಸಿ ಎನ್ನಲಿಲ್ಲ, ಎಲ್ಲಿಗೆ ನಿಲ್ಲಿಸಿದ್ದೆ ಎಂದು ಕೇಳಲಿಲ್ಲ. ನಿಂತಿದ್ದ ವಾಕ್ಯದ ಉಳಿದರ್ಧದಿಂದಲೇ ಮುಂದುವರಿಸಿದಳು. ಅಷ್ಟು ಗಟ್ಟಿ ಎದೆಯ ಹುಡುಗಿಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮಾರನೆಯ ದಿನ ಲ್ಯಾಬಿನಲ್ಲಿ ಇಬ್ಬರೂ ಇಂಗ್ಲೆಂಡಿನಿಂದ ಬಂದ ಇಮೇಲ್ ಓದಿದೆವು. ಆ ಹಿರಿಯರು ತಮ್ಮ ತಿದ್ದುಪಡಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದರು. ನಡುವೆ ನಿಮ್ಮ ಕರೆಂಟ್ ಹೋಗಿತ್ತೆಂದು ಕೊನೆಗೆ ಗೊತ್ತಾಯಿತು, ನೀರು ಕುಡಿಯಲು ನಿಲ್ಲಿಸಿದ್ದೀರಿ ಎಂದುಕೊಂಡಿದ್ದೆ, ಇನ್ನು ನಾನು ವಾದಿಸುವುದಿಲ್ಲ ಎಂದು ಬರೆದಿದ್ದರು.

ಲೆಕ್ಕ ತಪ್ಪಿದ್ದು ನನ್ನಿಂದ, ಕ್ಷಮಿಸಮ್ಮ ಎಂದೆ.

"ಬಿಡಿ ಸಾರ್," ಎಂದಳು ಅವಳು, ಕೀಬೋರ್ಡಿನ ಧೂಳು ಒರೆಸುತ್ತಾ. "ಟೈಮ್ ಲೆಕ್ಕ ನೀವು ಹಾಕ್ತೀನಿ ಅಂದ್ರಲ್ಲ, ಅದಕ್ಕೇ ಫೋನ್ ನಂಬರ್ ಬರ್ದಿದ್ದು."