ಪರದೆ ಇಲ್ಲದ ಬಸ್ಸು

ರಾಮನಗರದ ಕೋರ್ಟಿನಲ್ಲಿ ಪರದೆ ಕಟ್ಟಿದ್ದರು. ನನ್ನ ತಂಗಿಯನ್ನು ಹೊಡೆದು ಕೊಂದವನ ಮುಖ ಅವಳ ಮಗಳಿಗೆ ಕಾಣಬಾರದು ಅಂತ. ಎಂಟು ವರ್ಷದ ಕೂಸು. ಹೊಲದ ಬದುವಿನ ಜಗಳದಲ್ಲಿ ಆದದ್ದನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಅವಳು ಬಾಯಿ ಬಿಟ್ಟರೆ ಕೇಸು ಗಟ್ಟಿ ನಿಲ್ಲುತ್ತೆ, ಇಲ್ಲದಿದ್ದರೆ ಬಿದ್ದುಹೋಗುತ್ತೆ. ಪರದೆ ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ನಮ್ಮೂರು ಕಲ್ಯದ ಕಡೆಯಿಂದ ಬರೋ ಬಸ್ಸಿಗೆ ಯಾವ ಪುಣ್ಯಾತ್ಮ ಪರದೆ ಕಟ್ಟುತ್ತಾನೆ?

ಕೇಸಿನ ದಿನ ನಮಗೂ ಅದೇ ಬಸ್ಸು, ಬೇಲ್ ಮೇಲೆ ಆಚೆ ಬಂದಿದ್ದ ಅವನಿಗೂ ಅದೇ ಬಸ್ಸು. ಇದು ದೊಡ್ಡ ದೊಡ್ಡ ಓದಿದವರಿಗೆ ಹೊಳೆಯಬೇಕಿತ್ತು. ನನಗೂ ಹೊಳೆಯಲಿಲ್ಲ, ಹಾಳಾದ ತಲೆ. ಬಸ್ಸಲ್ಲಿ ಕಾಲಿಡಕ್ಕೂ ಜಾಗ ಇರಲಿಲ್ಲ. ನಮ್ಮ ಕಡೆ ಮಗು ನಿಂತಿದ್ದರೆ ಕೂತವರು ಸುಮ್ಮನಿರಲ್ಲ. “ಮಗೀನ್ ಇತ್ತಗೆ ಕಳ್ಸವ್ವ, ಒಸಿ ಜಾಗ ಐತೆ” ಅಂತ ಮುಂದಿನಿಂದ ಯಾರೋ ಹೆಂಗಸು ಕೂಗಿದಳು. ಜನರ ಸಂದಿಯಲ್ಲಿ ನಾನೇ ಬೆನ್ನು ತಳ್ಳಿ ಕಳಿಸಿದೆ. ಮಾಗಡಿಯಲ್ಲಿ ಜನ ಇಳಿದ ಮೇಲೆ ನೋಡ್ತೀನಿ, ಹುಡುಗಿ ಕಿಟಕಿ ಪಕ್ಕ, ಅವಳಿಗೆ ಒತ್ತಿಕೊಂಡು ಅವನು. ಆ ಹೆಂಗಸು ಕರೆದ ಜಾಗ ಅವನ ಪಕ್ಕದ್ದೇ. ಏನೂ ಮಾಡಿರಲಿಲ್ಲ, ಮಾತೂ ಆಡಿರಲಿಲ್ಲ. ಸುಮ್ಮನೆ ಕೂತಿದ್ದ.

ಅವತ್ತು ಪರದೆ ಹಿಂದೆ ಅವಳು ಒಂದಕ್ಷರ ಉಸುರಲಿಲ್ಲ. ಪಕ್ಕದಲ್ಲಿ ಕೂತು ತಲೆ ಸವರಿದರೆ ನನ್ನ ಕೈಯನ್ನೇ ತಳ್ಳಿದಳು. ಜಡ್ಜಮ್ಮ ನೀರು ಕುಡಿಸಿದರು, ಸ್ಕೂಲಿನ ವಿಷಯ ಕೇಳಿದರು, ಏನೂ ಆಗಲಿಲ್ಲ. ಇನ್ನೊಂದು ತಾರೀಕು ಕೊಟ್ಟರು. ಅವತ್ತೂ ಹಿಂಗೇ ಆದರೆ ಅವನು ಬಿಡುಗಡೆ ಅಂದರು ಸರ್ಕಾರಿ ಲಾಯರ್.

ಕೋರ್ಟಿಗೆ ಹೋಗಿಬರಕ್ಕೆ ಮಗುವಿಗೊಂದು ಗಾಡಿ ಕೊಡಿ ಅಂತ ಅರ್ಜಿ ಹಿಡಿದು, ಅವಳನ್ನೂ ಕರೆದುಕೊಂಡು ಒಂದು ಸರ್ಕಾರಿ ಆಫೀಸಿಗೆ ಹೋದೆ. ಅಲ್ಲಿದ್ದವನು ತಲೆ ಎತ್ತದೇ ಹೇಳಿದ, “ಹೆಂಗಸ್ರಿಗೆ ಬಸ್ ಫ್ರೀ ಐತಲ್ಲಮ್ಮ.” ನನಗೆ ಮೈಯೆಲ್ಲ ಉರಿದುಹೋಯಿತು. “ಕೊಲೆಗಾರನ ಪಕ್ಕದ ಸೀಟೂ ಫ್ರೀನೇ ಕಣಪ್ಪ, ನಿನ್ನ ಮಗಳನ್ನ ಕೂರ್ಸೋಗು” ಅಂದುಬಿಟ್ಟೆ. ಆಫೀಸಿಗೆ ಆಫೀಸೇ ಎದ್ದು ನಿಂತಿತು. ಅಂದಿದ್ದಕ್ಕೆ ಇವತ್ತಿಗೂ ಬೇಜಾರಿಲ್ಲ. ಗಾಡಿ ಮಾತ್ರ ಬರಲಿಲ್ಲ.

ಮುಂದಿನ ತಾರೀಕಿಗೆ, ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹೊತ್ತು ಹೊರಟಿದ್ದ ಟೆಂಪೋದವನನ್ನು ಕೇಳಿಕೊಂಡು ಮುಂದಿನ ಸೀಟಲ್ಲಿ ಇಬ್ಬರೂ ಹೋದೆವು. ಅವತ್ತು ಅವಳು ಎಲ್ಲ ಹೇಳಿದಳು, ದೊಣ್ಣೆ ಎಲ್ಲಿಂದ ತಂದ ಅನ್ನೋದೂ ಸೇರಿ. ಕೊನೆಗೆ ಜಡ್ಜಮ್ಮ ಮೆಲ್ಲಗೆ ಕೇಳಿದರು, “ಹೋದ ಸಲ ಯಾಕಮ್ಮ ಸುಮ್ಮನಿದ್ದೆ? ಅವನು ಹೆದರಿಸಿದ್ನಾ?”

ಹೂಂ ಅನ್ನುತ್ತಾಳೆ ಅಂತ ನಾನು ಕಾದೆ.

“ಇಲ್ಲ,” ಅಂದಳು. “ದೊಡ್ಡಮ್ಮನೇ ನನ್ನ ಅವನತ್ರಕ್ಕೆ ತಳ್ತು. ಆಫೀಸಲ್ಲಿ ಜಗಳ ಆಡೋಗಂಟ, ದೊಡ್ಡಮ್ಮನೂ ಅವನ ಕಡೆ ಅಂದ್ಕಂಡಿದ್ದೆ.”