ಹೆಸರಿಲ್ಲದ ನೀಲಿ ಹಣ್ಣು

ಹುಳಿ ಮಜ್ಜಿಗೆಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಕೈಕಾಲು ತಣ್ಣಗಾಗುತ್ತವೆ. ಹೋದ ವಾರ ಮಗಳು ಕುಂಡದಲ್ಲಿ ಬ್ಲೂಬೆರಿ ಗಿಡ ತಂದು ಹಿತ್ತಲಲ್ಲಿ ಇಟ್ಟಳು. ಅದಕ್ಕೆ ಹುಳಿ ಮಣ್ಣೇ ಆಗಬೇಕಂತೆ, ನಮ್ಮ ಎರೆಮಣ್ಣು ಒಗ್ಗುವುದಿಲ್ಲವಂತೆ. ಹಳೆಯ ಮಜ್ಜಿಗೆಗೆ ನೀರು ಬೆರೆಸಿ ಬುಡಕ್ಕೆ ಸುರಿದಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹೀಗೆಯೇ ಸುರಿಯುತ್ತಿದ್ದರು, ಪಕ್ಕದ ಮನೆಯ ಆಯಿ…

ಎಂಬತ್ತರ ದಶಕದ ಮಾತು. ಮದುವೆಯಾಗಿ ಚಿಕ್ಕೋಡಿಗೆ ಬಂದ ನಾನು ಹಗ್ಗ ಕಂಡರೂ ಹಾವೆಂದು ಚೀರುವ ಪೈಕಿ. ಗಂಡ ವಾರದಲ್ಲಿ ಹೆಚ್ಚು ದಿನ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲೇ ಇರುತ್ತಿದ್ದರು. ನನಗಿದ್ದ ಧೈರ್ಯವೆಂದರೆ ಗೋಡೆಯಾಚೆಯ ಆ ಜೈನ ಮುದುಕಿ. ಓಣಿಗೆಲ್ಲ ಅವರು ಆಯಿ. ಹೊತ್ತು ಮುಳುಗಿದ ಮೇಲೆ ಒಂದು ಅಗುಳನ್ನೂ ಬಾಯಿಗಿಡದ ಕಟ್ಟುನಿಟ್ಟಿನವರು. ಗಿಡದ ವಿಷಯಕ್ಕೆ ಬಂದರೆ ಮಾತ್ರ ಸಣ್ಣ ಹುಡುಗಿ.

ಒಮ್ಮೆ ಸಂತೆಯಲ್ಲಿ ಮಹಾರಾಷ್ಟ್ರದ ಕಡೆಯವನೊಬ್ಬ ಬೇರಿಗೆ ಗೋಣಿತಾಟು ಸುತ್ತಿದ ಗಿಡಗಳನ್ನು ಮಾರುತ್ತಿದ್ದ. ಮಹಾಬಳೇಶ್ವರದ ಗಿಡ, ನೀಲಿ ಹಣ್ಣು ಬಿಡುತ್ತದೆ ಎಂದನಂತೆ. ಆಯಿ ಹಿರಿಹಿರಿ ಹಿಗ್ಗಿ ಕೊಂಡು ತಂದರು. ಹಣ್ಣಿನ ಹೆಸರು ಕೇಳುವುದನ್ನೇ ಮರೆತರು. ಹಿತ್ತಲಲ್ಲಿ ನೆಟ್ಟು, ಮಜ್ಜಿಗೆ ನೀರು ಹಾಕಿ, ಬಿಸಿಲಿಗೆ ಹಳೆಯ ಸೀರೆ ಕಟ್ಟಿ ಬೆಳೆಸಿದರು. ಅದು ಎದೆಯೆತ್ತರದ ಪೊದೆಯಾಯಿತು. ಗೊಂಚಲು ಗೊಂಚಲು ಹಣ್ಣು ಬಿಟ್ಟಿತು, ಮೇಲೆ ಬೂದಿ ಸವರಿದಂಥ ನೀಲಿ… ಆದರೆ ಆಯಿ ಒಂದನ್ನೂ ಬಾಯಿಗೆ ಹಾಕಲಿಲ್ಲ. ಹೆಸರು ಗೊತ್ತಿಲ್ಲದ ಹಣ್ಣು ತಿನ್ನಬಾರದು ಎಂಬುದು ಅವರ ನೇಮ.

"ಗುಬ್ಬಿ ತಿಂತಾವಲ್ರಿ ಆಯಿ" ಎಂದು ನಾನು ಕೆಣಕಿದೆ.

"ಗುಬ್ಬಿ ನೇಮ ಗುಬ್ಬಿಗೆ, ನಮ್ಮ ನೇಮ ನಮಗ. ಅಂವಾ ಮತ್ತ ಸಂತಿಗೆ ಬರ್ಲಿ, ಹೆಸರ ಕೇಳಿ ತಿನ್ನೂಣು."

ಪ್ರತಿ ಸಂತೆಯಲ್ಲೂ ಹುಡುಕಿದರು. ಅವನು ಬರಲೇ ಇಲ್ಲ.

ಒಂದು ಸಂಜೆ ನನ್ನ ಪುಟ್ಟ ಮಗಳು ಕಾಣಲಿಲ್ಲ. ಇನ್ನೂ ಸರಿಯಾಗಿ ಮಾತು ಬಾರದ ಕೂಸು. ಹುಡುಕಿದರೆ ಆಯಿಯ ಪೊದೆಯ ಬುಡದಲ್ಲಿ ಕೂತಿತ್ತು. ತುಟಿ, ನಾಲಿಗೆ, ಅಂಗೈ ಎಲ್ಲ ನೀಲಿ. ಆಯಿ, ನಾನು ಇಬ್ಬರೂ ಕೂಸನ್ನು ಎತ್ತಿಕೊಂಡು ದವಾಖಾನೆಗೆ ಓಡಿದೆವು.

"ಯಾವ ಹಣ್ರಿ ಅದು?" ಎಂದರು ಡಾಕ್ಟರು.

ಆಯಿ ತಲೆ ತಗ್ಗಿಸಿದರು. "ಹೆಸರ ಗೊತ್ತಿಲ್ರಿ."

ಹೆಸರಿಲ್ಲದ್ದಕ್ಕೆ ಏನೆಂದು ಔಷಧ ಕೊಟ್ಟಾರು? ಹೊಟ್ಟೆ ನೋವು, ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ಏನು ಕಂಡರೂ ತಕ್ಷಣ ಕರೆತರಲು ಹೇಳಿ ಕಳಿಸಿದರು. ಮನೆಗೆ ಬಂದು ದೀಪ ಹಚ್ಚಿದೆ. ಕೂಸು ಅಳಲು ಶುರುಮಾಡಿತು. ಹೊಟ್ಟೆ ನೋವೋ, ಹಸಿವೋ, ನನ್ನ ಮುಖ ನೋಡಿಯೇ ಹೆದರಿಕೆಯೋ… ಕೇಳಿದರೆ ಇನ್ನಷ್ಟು ಅಳು.

ಆಯಿ ಎದ್ದು ಹೋದರು. ತಿರುಗಿ ಬಂದಾಗ ಸೆರಗಿನ ತುಂಬ ಅದೇ ಹಣ್ಣು. ನನ್ನೆದುರೇ ಕೂತು ಮುಕ್ಕತೊಡಗಿದರು.

"ಆಯಿ, ಬ್ಯಾಡ್ರಿ! ಹೊತ್ತು ಮುಳಗೇತ್ರಿ!" ಎಂದು ಚೀರಿದೆ. ವಿಷ ಎನ್ನುವುದು ಆ ಗಳಿಗೆಯಲ್ಲಿ ನನ್ನ ಬಾಯಿಗೆ ಬರಲಿಲ್ಲ.

"ಕೂಸಿಗೆ ಹೇಳಾಕ ಬರಂಗಿಲ್ಲ, ತಂಗಿ. ನನಗ ಬಾಯಿ ಐತಿ. ಎಲ್ಲಿ ನೋಯತೈತಿ, ಏನಾಗತೈತಿ, ನಾ ಹೇಳ್ತೀನಿ. ನೀ ಹೋಗಿ ಡಾಕ್ಟರಗ ಹೇಳು."

ಆಮೇಲೆ ನನ್ನ ಹೆದರಿಕೆ ಎರಡು ಜೀವದ್ದಾಯಿತು. ಕೂಸು ಅತ್ತು ಅತ್ತು ಮಲಗಿತು. ನಿದ್ದೆಯೋ ಮತ್ತೇನೋ ಎಂದು ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದೆ. ಗೋಡೆಗೊರಗಿದ ಆಯಿಯ ನೀಲಿ ತುಟಿಗಳು ಣಮೋಕಾರ ಮಂತ್ರ ಹೇಳುತ್ತಿದ್ದವು. ತುಟಿ ನಿಂತರೆ ಅವರ ತೋಳು ಹಿಡಿದು ಅಲುಗಿಸುತ್ತಿದ್ದೆ. "ಆಯಿ, ಹೆಂಗೈತ್ರಿ?" ಎಂದರೆ, "ನಾಲಿಗಿ ಒಗರಾಗೇತಿ, ಅಷ್ಟ" ಎನ್ನುತ್ತಿದ್ದರು. ಕೊನೆಗೆ ಕೂಸು ಕಣ್ಣು ಬಿಟ್ಟು ರೊಟ್ಟಿ ಕೇಳಿತು. ಆಯಿ ಗೋಳೋ ಎಂದು ಅತ್ತುಬಿಟ್ಟರು.

ಇಬ್ಬರಿಗೂ ಏನೂ ಆಗಲಿಲ್ಲ. ಹಸಿರು ಗಿಡಕ್ಕೆ ಕೊಡಲಿ ಹಾಕಲು ಆಯಿಗೆ ಮನಸ್ಸಾಗಲಿಲ್ಲ, ಸುತ್ತಲೂ ಜಾಲಿ ಮುಳ್ಳಿನ ಬೇಲಿ ಕಟ್ಟಿಸಿದರು. ನೇಮ ಮುರಿದದ್ದನ್ನು ಬಸದಿಯಲ್ಲಿ ಹೇಳಿಕೊಂಡು, ಅದಕ್ಕೆ ಪ್ರಾಯಶ್ಚಿತ್ತವಾಗಿ ಜೀವ ಇರುವವರೆಗೆ ಮಾವಿನ ಹಣ್ಣು ತಿನ್ನುವುದನ್ನೇ ಬಿಟ್ಟರು. ಅವರಿಗೆ ಮಾವೆಂದರೆ ಪ್ರಾಣ. ಪ್ರತಿ ಬೇಸಿಗೆಯಲ್ಲೂ ನನ್ನ ಮಗಳಿಗೆಂದು ಬುಟ್ಟಿ ತುಂಬ ಮಾವು ಕಳಿಸುತ್ತಿದ್ದರು.

ಆಯಿ ಹೋಗಿ ಬಹಳ ವರ್ಷವಾಯಿತು. ಗೋಡೆಯಾಚೆಯ ಆ ಹಿತ್ತಲಲ್ಲಿ ಈಗ ಬೇರೆಯವರ ಮನೆ ಎದ್ದಿದೆ. ಮಗಳಿಗೆ ಆ ಸಂಜೆಯ ನೆನಪೇ ಇಲ್ಲ. ನಿನ್ನೆ ಅವಳು ಕುಂಡದ ಗಿಡದಿಂದ ಅದೇ ಬೂದಿ ಸವರಿದಂಥ ನೀಲಿ ಹಣ್ಣೊಂದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುವಾಗ ನನ್ನ ಕೈ ತಾನಾಗಿ ಮುಂದೆ ಹೋಗಿ ಅವಳ ಮಣಿಕಟ್ಟು ಹಿಡಿಯಿತು. ಅವಳು ನಕ್ಕು, ಗಿಡಕ್ಕೆ ಕಟ್ಟಿದ್ದ ಚೀಟಿ ತೋರಿಸಿದಳು. ದೊಡ್ಡ ಅಕ್ಷರದಲ್ಲಿ ಹಣ್ಣಿನ ಹೆಸರು.

ಹೆಸರಿರುವ ಹಣ್ಣು. ಹೊತ್ತೂ ಇನ್ನೂ ಮುಳುಗಿರಲಿಲ್ಲ. ಗೋಡೆಯ ಹತ್ತಿರ ಹೋಗಿ "ಆಯಿ, ತಿನ್ನಬಹುದ್ರಿ, ಬರ್ರಿ" ಎಂದು ಕೂಗಬೇಕೆನಿಸಿತು.