ಮಗಳ ವಾಟ್ಸಾಪ್ ಓದಿದ ಅಪ್ಪ

ಸ್ನೇಹಿತರೇ, ಇವತ್ತು ತುಮಕೂರಿನ ನನ್ನ ಮಗಳ ಕಾಲೇಜಿನಲ್ಲಿ ಸೈಬರ್ ಅಪರಾಧದ ಬಗ್ಗೆ ಪೋಷಕರ ಸಭೆ ಇತ್ತು. ಭಾಷಣಕ್ಕೆ ಬಂದಿದ್ದ ಮಹಿಳಾ ಎಸ್‌ಐ, "ಇಲ್ಲಿ ಹ್ಯಾಕ್ ಮಾಡಿದವ್ರು ಯಾರಾದ್ರೂ ಇದೀರಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

"ನಗಬೇಡಿ. ಹೇಳ್ದೆ ಕೇಳ್ದೆ ಇನ್ನೊಬ್ರ ವಾಟ್ಸಾಪನ್ನ ನಿಮ್ ಕಂಪ್ಯೂಟರ್‌ಗೆ ಜೋಡಿಸ್ಕೊಂಡು ಓದ್ತೀರಲ್ಲ, ಅದೂ ಅಪರಾಧಾನೇ," ಎಂದರು.

ನನ್ನ ನಗು ಅಲ್ಲೇ ನಿಂತಿತು. ಮೂರು ತಿಂಗಳ ಹಿಂದೆ, ಮಗಳು ಸ್ನಾನಕ್ಕೆ ಹೋಗಿದ್ದಾಗ ನಾನು ಆಫೀಸಿನ ಲ್ಯಾಪ್‌ಟಾಪಿನಲ್ಲಿ ಮಾಡಿದ್ದು ಅದನ್ನೇ. ದಿನಾ ಆಫೀಸಿನಲ್ಲಿ ಊಟದ ಹೊತ್ತಿಗೆ ಅವಳ ಮೆಸೇಜು ಓದುತ್ತಿದ್ದೆ. ಅದಕ್ಕೆ ಕಾಳಜಿ ಎಂದು ಹೆಸರಿಟ್ಟುಕೊಂಡಿದ್ದೆ. ಪಕ್ಕದಲ್ಲೇ ಕೂತಿದ್ದ ಅವಳ ಮುಖ ನೋಡಲು ಧೈರ್ಯವಾಗಲಿಲ್ಲ.

ಸಭೆ ಮುಗಿಸಿ ಇಬ್ಬರೂ ಮನೆಗೆ ಹೊರಟಿದ್ದ ಕುಣಿಗಲ್ ಬಸ್ಸು ಮರಳೂರು ದಾಟುವಾಗ ಹೇಳಿಬಿಟ್ಟೆ. "ತಪ್ಪು ಮಾಡ್ಬುಟ್ಟೆ ಕಣಮ್ಮ. ನಿನ್ ವಾಟ್ಸಾಪ್ ಕದ್ದು ಓದ್ತಿದ್ದೆ."

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಗೊತ್ತಪ್ಪ. ಮೊದಲ್ನೇ ವಾರಾನೇ ಗೊತ್ತಾಯ್ತು. ಯಾವ್ ಕಂಪ್ಯೂಟರ್‌ಗೆ ಜೋಡಿಸಿದಾರೆ ಅಂತ ಫೋನಲ್ಲೇ ತೋರ್ಸುತ್ತೆ."

"ಮತ್ಯಾಕಮ್ಮ ತೆಗೀಲಿಲ್ಲ?"

"ನೀನೇ ತೆಗೀತೀಯೇನೋ ಅಂತ ಕಾಯ್ತಿದ್ದೆ."

ಫೋನನ್ನು ನನ್ನ ಕೈಗೆ ಕೊಟ್ಟಳು. ಆ ಜೋಡಣೆಯನ್ನು ನಾನೇ ತೆಗೆದೆ.

ಮೂರು ತಿಂಗಳು ಮಗಳ ಗುಟ್ಟೆಲ್ಲ ನನಗೆ ಗೊತ್ತು ಎಂದು ಬೀಗುತ್ತಿದ್ದೆ. ನಾನು ಓದಿದ್ದು ಅವಳು ಓದಲು ಬಿಟ್ಟಿದ್ದನ್ನು ಮಾತ್ರ.